ನೋವು ಮುಂದೆ, ಮದ್ದು ಹಿಂದೆ: ಭುಜಫಲಕದ ಕಥೆ



ಈ ಸಲದ ಪತ್ರಗಳ ಕಟ್ಟಿನಲ್ಲಿ ಆಂಟಾಪ್ ಹಿಲ್‌ನಿಂದ ಒಂದು ಪತ್ರ ಬಂದಿದೆ. ಬರೆದವರು ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವರು. ಆರು ತಿಂಗಳಿಂದ ಅವರಿಗೆ ಬಲಭುಜದ ಮುಂಭಾಗದಲ್ಲಿ ನೋವು. ಹಿಟ್ಟಿನ ಪಾತ್ರೆಯನ್ನು ಮೇಲಿನ ಕಟ್ಟೆಗೆ ಎತ್ತಿಡುವಾಗ ಜೀವ ಹೋದಂತಾಗುತ್ತದಂತೆ. ಎಕ್ಸ್-ರೇ ತೆಗೆಸಿದರೆ ಮೂಳೆ ಸರಿಯಾಗಿದೆ. ಮುಲಾಮು, ಮಾತ್ರೆ, ಬಿಸಿನೀರಿನ ಶಾಖ ಎಲ್ಲ ಆಯಿತು. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಅಂಗಿ ಬಿಚ್ಚಿಸಿ ಬೆನ್ನು ನೋಡಿ, "ನಿಮ್ಮ ಭುಜಫಲಕ ಸರಿಯಾಗಿ ಚಲಿಸುತ್ತಿಲ್ಲ" ಎಂದು ನಾಲ್ಕು ವ್ಯಾಯಾಮ ಹೇಳಿಕೊಟ್ಟರಂತೆ. ಇವರು ನಾಲ್ಕೇ ದಿನ ಮಾಡಿ ಬಿಟ್ಟಿದ್ದಾರೆ. ಕಾರಣವನ್ನೂ ಬರೆದಿದ್ದಾರೆ: "ನೋವಿರುವುದು ಮುಂದೆ, ವ್ಯಾಯಾಮ ಕೊಟ್ಟದ್ದು ಬೆನ್ನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಮೇಡಂ?"

ಪ್ರಶ್ನೆ ತುಂಬಾ ಚೆನ್ನಾಗಿದೆ! ಕನ್ನಡದಲ್ಲಿ ಬಿ.ಎ. ಮಾಡಿದ ನನಗೆ ಗಾದೆಯೇನೋ ಗೊತ್ತು, ವೈದ್ಯಶಾಸ್ತ್ರ ಗೊತ್ತಿಲ್ಲ. ಆದ್ದರಿಂದ ಈ ವಿಷಯದಲ್ಲಿ ತಜ್ಞರು ಏನು ಕಂಡುಕೊಂಡಿದ್ದಾರೆ ಎಂಬುದನ್ನು ಓದಿ, ತಿಳಿದು, ನಿಮ್ಮ ಮುಂದಿಡುತ್ತಿದ್ದೇನೆ. ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ ಇದು: ಇಲ್ಲಿ ಜ್ವರ ಬಂದಿರುವುದು ಎಮ್ಮೆಗೇ ಇರಬಹುದು, ನರಳುತ್ತಿರುವುದು ಮಾತ್ರ ಎತ್ತು.

ಚಮಚದ ಮೇಲಿನ ನಿಂಬೆಹಣ್ಣು

ಬೆನ್ನಿನ ಮೇಲ್ಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ತ್ರಿಕೋನಾಕಾರದ ಚಪ್ಪಟೆ ಮೂಳೆಗಳಿವೆ. ಅವೇ ಭುಜಫಲಕಗಳು. ನಮ್ಮ ಹಳ್ಳಿಗಳ ಕಡೆ ಇದನ್ನು ರೆಕ್ಕೆ ಮೂಳೆ ಎನ್ನುವುದೂ ಉಂಟು. ವೈದ್ಯರು ಸ್ಕ್ಯಾಪುಲಾ ಎನ್ನುತ್ತಾರೆ. ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗೆ ಇದು ಹರಡಿಕೊಂಡಿರುತ್ತದೆ.

ಈ ಮೂಳೆಯ ವಿಶೇಷವೇನು ಗೊತ್ತೇ? ಇದು ಪಕ್ಕೆಲುಬುಗಳ ಮೇಲೆ ಕೀಲು ಹಾಕಿ ಕೂರಿಸಿದ್ದಲ್ಲ. ಮುಂದುಗಡೆ ಕೊರಳ ಕೆಳಗಿನ ಕಾಲರ್ ಮೂಳೆಯ ಮೂಲಕ ಮಾತ್ರ ಇದಕ್ಕೆ ಎದೆಗೂಡಿನ ಜೊತೆ ಮೂಳೆಯ ಸಂಬಂಧ. ಉಳಿದಂತೆ ಇದನ್ನು ಹಿಡಿದಿಟ್ಟಿರುವುದು, ಜಾರಿಸುವುದು, ತಿರುಗಿಸುವುದು ಎಲ್ಲವೂ ಸ್ನಾಯುಗಳೇ. ಒಂದು ಭುಜಫಲಕಕ್ಕೆ 17 ಸ್ನಾಯುಗಳು ಅಂಟಿಕೊಂಡಿವೆ. ಗಾಳಿಪಟಕ್ಕೆ ಸೂತ್ರ ಕಟ್ಟುವುದನ್ನು ನೆನಪಿಸಿಕೊಳ್ಳಿ. ಒಂದು ದಾರ ಬಿಗಿ, ಇನ್ನೊಂದು ಸಡಿಲವಾದರೆ ಪಟ ಒಂದೇ ಕಡೆಗೆ ವಾಲುತ್ತದೆ. ಭುಜಫಲಕದ ಪಾಡೂ ಅದೇ.

ಈ ಮೂಳೆಯ ಹೊರಅಂಚಿನಲ್ಲಿ ಒಂದು ಚಿಕ್ಕ, ಆಳವಿಲ್ಲದ ಬಟ್ಟಲಿದೆ. ತೋಳಿನ ಮೂಳೆಯ ದುಂಡನೆಯ ತಲೆ ಕೂರುವುದು ಅದರ ಮೇಲೆ. ಬಟ್ಟಲು ಚಿಕ್ಕದು, ತಲೆ ದೊಡ್ಡದು. ಶಾಲೆಯ ಕ್ರೀಡಾದಿನದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಿದ್ದೆವಲ್ಲ, ಹಾಗೆ. ನಿಂಬೆಹಣ್ಣು ಬೀಳದಿರಬೇಕಾದರೆ ಹಣ್ಣು ವಾಲಿದ ಕಡೆಗೆ ಚಮಚವೂ ವಾಲಬೇಕು. ತೋಳು ಮೇಲೆದ್ದಂತೆ ಭುಜಫಲಕವೂ ಅದರ ಜೊತೆಗೆ ತಿರುಗಲೇಬೇಕು.

ಎಷ್ಟು ತಿರುಗಬೇಕು? ಈ ಜೊತೆನಡಿಗೆಯನ್ನು ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಂದು 'ಲಯ' ಎಂದೇ ಕರೆದರು. 1944ರಲ್ಲಿ ಇನ್‌ಮನ್ ಮತ್ತು ಸಂಗಡಿಗರು ಅದನ್ನು ಅಳೆದರು. ಕೈಯನ್ನು ಕೆಳಗಿನಿಂದ ತಲೆಯ ಮೇಲಕ್ಕೆ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನದು, ಉಳಿದ ಸುಮಾರು 60 ಡಿಗ್ರಿ ಭುಜಫಲಕದ್ದು. ಅಂದರೆ ಕೆಲಸದ ಮೂರನೆಯ ಒಂದು ಭಾಗ ಬೆನ್ನಿನ ಕಡೆಯಿಂದ ನಡೆಯುತ್ತದೆ! ನಾವು ಕೈ ಎತ್ತಿದೆವು ಎಂದುಕೊಳ್ಳುತ್ತೇವೆ. ಹಿಂದಿನಿಂದ ಹೆಗಲು ಕೊಟ್ಟವರು ಬೇರೆ ಇದ್ದಾರೆ.

ಲಯ ತಪ್ಪುವುದೆಂದರೇನು?

ತಬಲಾದವನು ತಾಳ ತಪ್ಪಿದರೆ ಹಾಡುವವರ ಗಂಟಲಿಗೆ ಕಷ್ಟ. ಭುಜಫಲಕ ತನ್ನ ಪಾಲಿನ ತಿರುವನ್ನು ತಿರುಗದಿದ್ದರೆ, ಅಥವಾ ತಡವಾಗಿ, ಅಡ್ಡಾದಿಡ್ಡಿಯಾಗಿ ತಿರುಗಿದರೆ ಉಳಿದ ಭಾರವೆಲ್ಲ ಭುಜದ ಕೀಲಿನ ಮೇಲೆ ಬೀಳುತ್ತದೆ. ಕೀಲನ್ನು ಸುತ್ತುವರಿದು ಹಿಡಿದಿರುವ ರೋಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳು ಹುಟ್ಟುವುದು ಭುಜಫಲಕದ ಮೇಲೆಯೇ. ನೆಲವೇ ಅಲುಗಾಡುತ್ತಿದ್ದರೆ ಏಣಿ ಹಿಡಿದು ನಿಂತವನು ಎಷ್ಟು ಗಟ್ಟಿಗನಾದರೇನು? ಆತ ದಣಿಯುತ್ತಾನೆ. ನೋವು ಕಾಣಿಸಿಕೊಳ್ಳುವುದು ದಣಿದವನಲ್ಲಿ. ನಮ್ಮ ಕೇಳುಗರ ನೋವು ಮುಂದೆ, ವ್ಯಾಯಾಮ ಹಿಂದೆ ಎಂಬ ಒಗಟಿಗೆ ಉತ್ತರ ಇಲ್ಲಿದೆ.

ಹೀಗೆ ಲಯ ತಪ್ಪಿದ ಚಲನೆಯನ್ನು ಸ್ಕ್ಯಾಪುಲರ್ ಡಿಸ್ಕೈನೇಸಿಸ್ ಎನ್ನುತ್ತಾರೆ. ಅಮೆರಿಕದ ಕೆಂಟಕಿ ರಾಜ್ಯದ ಕ್ರೀಡಾವೈದ್ಯ ಬೆನ್ ಕಿಬ್ಲರ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಕಣ್ಣಿನಿಂದಲೇ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಕೆಲವರಲ್ಲಿ ಮೂಳೆಯ ಕೆಳಮೂಲೆ ಹೊರಕ್ಕೆ ಚಾಚುತ್ತದೆ. ಕೆಲವರಲ್ಲಿ ಬೆನ್ನುಹುರಿಯ ಕಡೆಯ ಅಂಚು ಪೂರ್ತಿ ಎದ್ದು ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಕೈ ಎತ್ತುವ ಮೊದಲೇ ಮೂಳೆಯ ಮೇಲಂಚು ಕಿವಿಯ ಕಡೆಗೆ ಹಾರುತ್ತದೆ.

ಯಾರು ಕೆಲಸ ಕಳ್ಳರು, ಯಾರು ಅತಿ ಉತ್ಸಾಹಿಗಳು ಎಂದು ನೋಡಿದರೆ ಸಾಮಾನ್ಯವಾಗಿ ಸಿಗುವ ಚಿತ್ರ ಹೀಗಿದೆ. ಪಕ್ಕೆಲುಬುಗಳ ಬದಿಯಲ್ಲಿ ಗರಗಸದ ಹಲ್ಲಿನಂತೆ ಕಾಣುವ ಸೆರಾಟಸ್ ಆಂಟೀರಿಯರ್ ಎಂಬ ಸ್ನಾಯು ಭುಜಫಲಕವನ್ನು ಎದೆಗೂಡಿಗೆ ಒತ್ತಿ ಹಿಡಿದು ಮೇಲ್ಮುಖವಾಗಿ ತಿರುಗಿಸಬೇಕು. ಅದು ಬಲಗುಂದಿರುತ್ತದೆ. ಬೆನ್ನಿನ ನಡುವಿನಿಂದ ಮೇಲಕ್ಕೆ ಹಬ್ಬಿರುವ ಟ್ರಪೀಜಿಯಸ್‌ನ ಕೆಳಭಾಗ ತಡವಾಗಿ ಎಚ್ಚರಗೊಳ್ಳುತ್ತದೆ. ಅದೇ ಸ್ನಾಯುವಿನ ಕತ್ತಿನ ಕಡೆಯ ಮೇಲ್ಭಾಗ ಎಲ್ಲ ಕೆಲಸವನ್ನೂ ಮೈಮೇಲೆ ಎಳೆದುಕೊಂಡು ಕಲ್ಲಿನಂತೆ ಬಿಗಿಯಾಗುತ್ತದೆ. ಎದೆಯ ಮುಂಭಾಗದಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ಪುಟ್ಟ ಸ್ನಾಯು ಮೊಟಕಾಗಿ ಭುಜಫಲಕವನ್ನು ಮುಂದಕ್ಕೆ ಬಗ್ಗಿಸಿ ಎಳೆದಿರುತ್ತದೆ. ಗಂಟೆಗಟ್ಟಲೆ ಕಾವಲಿಯ ಮೇಲೆ ಬಾಗುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು, ಕಂಪ್ಯೂಟರಿನೊಳಗೆ ಮುಖ ತೂರಿಸಿಕೊಂಡಿರುವವರು ಇದನ್ನು ಓದಿ ಒಮ್ಮೆ ಭುಜ ಮುಟ್ಟಿ ನೋಡಿಕೊಂಡರೆ ಆಶ್ಚರ್ಯವಿಲ್ಲ.

ಗಾಬರಿ ಬೇಡ

ಇಲ್ಲಿ ಒಂದು ಮುಖ್ಯ ಮಾತು. ಇದು ರೋಗದ ಹೆಸರಲ್ಲ, ಒಂದು ಚಲನೆಯ ವರ್ಣನೆ ಅಷ್ಟೆ. ನೋವೇ ಇಲ್ಲದವರಲ್ಲೂ ಇದು ಧಾರಾಳವಾಗಿ ಕಾಣುತ್ತದೆ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೈಯನ್ನು ತಲೆಯ ಮೇಲೆತ್ತಿ ಆಡುವ ಕ್ರೀಡಾಪಟುಗಳಲ್ಲಿ 61%, ಇತರ ಕ್ರೀಡಾಪಟುಗಳಲ್ಲಿ 33% ಮಂದಿಗೆ ಇಂತಹ ಚಲನೆ ಇತ್ತು. ಆದ್ದರಿಂದ ಕನ್ನಡಿಯಲ್ಲಿ ಒಂದು ಮೂಳೆ ಎದ್ದು ಕಂಡಿತೆಂದು ನಿದ್ದೆಗೆಡಬೇಕಾಗಿಲ್ಲ. ಹಾಗೆಂದು ಪೂರ್ತಿ ಕಡೆಗಣಿಸುವಂತೆಯೂ ಇಲ್ಲ. 2018ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ನೋವಿಲ್ಲದ ಕ್ರೀಡಾಪಟುಗಳಲ್ಲಿ ಈ ಏರುಪೇರು ಇದ್ದವರಿಗೆ ಮುಂದೆ ಭುಜನೋವು ಬರುವ ಸಂಭವ 43% ಹೆಚ್ಚು.

ಹಾಗಾದರೆ ನನ್ನ ನೋವಿಗೆ ಭುಜಫಲಕ ಕಾರಣವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಸರಳ ಉಪಾಯವಿದೆ. ನೀವು ಕೈ ಎತ್ತುತ್ತಿರುವಾಗ ಫಿಸಿಯೋಥೆರಪಿಸ್ಟ್ ತಮ್ಮ ಅಂಗೈಯಿಂದ ನಿಮ್ಮ ಭುಜಫಲಕವನ್ನು ಮೆಲ್ಲಗೆ ತಳ್ಳಿ, ಅದು ತಿರುಗಬೇಕಾದ ದಿಕ್ಕಿಗೆ ತಿರುಗಲು ನೆರವಾಗುತ್ತಾರೆ. ಆಗ ನೋವು ತಟ್ಟನೆ ಕಡಿಮೆಯಾದರೆ ಭುಜಫಲಕದ ಪಾತ್ರ ಇದರಲ್ಲಿ ಇದೆ, ಅದರ ಸ್ನಾಯುಗಳನ್ನು ಪಳಗಿಸಿದರೆ ಫಲವಿದೆ ಎಂದರ್ಥ. ಕಡಿಮೆಯಾಗದಿದ್ದರೆ ಬೇರೆ ಕಡೆ ಹುಡುಕಬೇಕು.

ಮನೆಯಲ್ಲೂ ಒಂದಿಷ್ಟು ಗಮನಿಸಬಹುದು. ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು, ಮೂರು ಎಣಿಸುತ್ತಾ ಎತ್ತಿ, ಮೂರು ಎಣಿಸುತ್ತಾ ಇಳಿಸಿ. ಐದು ಸಲ ಮುಂದಕ್ಕೆ, ಐದು ಸಲ ಪಕ್ಕಕ್ಕೆ. ಹಿಂದೆ ನಿಂತು ಮನೆಯವರು ಮೊಬೈಲ್‌ನಲ್ಲಿ ಚಿತ್ರೀಕರಿಸಲಿ. ಏರುಪೇರು ಹೆಚ್ಚಾಗಿ ಕಾಣುವುದು ಕೈ ಇಳಿಯುವಾಗ.

ಮೊದಲು ವೈದ್ಯರ ಬಳಿಗೆ ಹೋಗಬೇಕಾದವರು

ವ್ಯಾಯಾಮ ಶುರು ಮಾಡುವ ಮುನ್ನ ಈ ಪಟ್ಟಿ ಓದಿ.

ಬಿದ್ದ ಮೇಲೆ, ಪೆಟ್ಟಾದ ಮೇಲೆ, ಶಸ್ತ್ರಚಿಕಿತ್ಸೆಯ ಮೇಲೆ ಅಥವಾ ಜ್ವರದ ಬೆನ್ನಿಗೇ ಭುಜಫಲಕ ರೆಕ್ಕೆಯಂತೆ ಎದ್ದು ನಿಂತು, ಕೈ ಮೇಲೆತ್ತಲು ಆಗದಿದ್ದರೆ ನರಕ್ಕೆ ತೊಂದರೆಯಾಗಿರಬಹುದು. ಸೆರಾಟಸ್‌ಗೆ ಹೋಗುವ ಉದ್ದನೆಯ ನರ ಎದೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಅದು ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ಎರಡು ವರ್ಷದವರೆಗೂ ಬೇಕಾಗಬಹುದು.

ಕತ್ತಿನಿಂದ ಕೈಬೆರಳಿನವರೆಗೆ ಜುಮುಜುಮು, ಮರಗಟ್ಟುವಿಕೆ, ಶಕ್ತಿಗುಂದುವಿಕೆ ಇದ್ದರೆ ಕತ್ತಿನ ತಪಾಸಣೆ ಬೇಕು. ಬೇರೆಯವರು ಹಿಡಿದೆತ್ತಿದರೂ ಕೈ ಮೇಲೇಳದೆ ಬಿಗಿದುಕೊಂಡಿದ್ದರೆ, ವಿಶೇಷವಾಗಿ ಸಕ್ಕರೆ ಕಾಯಿಲೆ ಇರುವವರಲ್ಲಿ, ಅದು ಫ್ರೋಜನ್ ಶೋಲ್ಡರ್ ಇರಬಹುದು. ಅದರ ಚಿಕಿತ್ಸೆ ಬೇರೆ. ಇನ್ನು ಭುಜನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಬಂದರೆ ಯಾವ ವ್ಯಾಯಾಮವನ್ನೂ ಯೋಚಿಸಬೇಡಿ. ಅದು ಹೃದಯದ ಕರೆ. ನೇರವಾಗಿ ಆಸ್ಪತ್ರೆಗೆ ಓಡಿ.

ಒಂದು ಗೋಡೆ, ಒಂದು ಬಾಟಲಿ, ಒಂದು ಟವೆಲ್

ಮುಂಬಯಿಯ ಮನೆಗಳಲ್ಲಿ ಜಿಮ್‌ಗೆ ಜಾಗವೆಲ್ಲಿ ಎನ್ನುತ್ತೀರಾ? ಹತ್ತು ಅಡಿಯ ಖೋಲಿಯಲ್ಲೂ ಒಂದು ಗೋಡೆ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳ ಹಂತಗಳು ಇವು. ನಿಮಗೆ ಯಾವುದು, ಎಷ್ಟು ಎಂಬುದನ್ನು ಒಮ್ಮೆ ಫಿಸಿಯೋಥೆರಪಿಸ್ಟ್ ನೋಡಿ ಹೇಳಿದರೆ ಒಳ್ಳೆಯದು.

ಮೊದಲ ಹಂತ: ಸಡಿಲಿಸಿ, ಎಬ್ಬಿಸಿ. ಬಾಗಿಲ ಚೌಕಟ್ಟಿಗೆ ಮುಂಗೈ ಒರಗಿಸಿ, ಮೊಣಕೈ ಭುಜದ ಮಟ್ಟದಲ್ಲಿರಲಿ. ಎದೆ ಹಿಗ್ಗಿದಂತೆನಿಸುವವರೆಗೆ ಮೆಲ್ಲಗೆ ಒಂದು ಹೆಜ್ಜೆ ಮುಂದಿಡಿ. 30 ಸೆಕೆಂಡು, ಮೂರು ಸಲ. ಇದರಿಂದ ಮುಂದಿನ ಬಿಗಿ ದಾರ ಸಡಿಲವಾಗುತ್ತದೆ. ಬಳಿಕ ಮೇಜಿಗೆ ಬೆನ್ನು ಹಾಕಿ ನಿಂತು, ಕೈ ಕೆಳಗೆ ನೇರವಾಗಿಟ್ಟು, ಅಂಗೈಯಿಂದ ಮೇಜಿನ ಅಂಚನ್ನು ಹಿಂದಕ್ಕೆ ಒತ್ತಿ. ಐದು ಎಣಿಸಿ ಬಿಡಿ. ಹತ್ತು ಸಲ. ಕೈ ಎತ್ತುವ ಪ್ರಮೇಯವೇ ಇಲ್ಲದ್ದರಿಂದ ನೋವಿರುವಾಗಲೂ ಇದನ್ನು ಮಾಡಬಹುದು.

ಎರಡನೆಯ ಹಂತ: ಬಲ ತುಂಬಿ. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗಿಟ್ಟು ದಂಡ ಹೊಡೆಯಿರಿ. ಕೈ ಪೂರ್ತಿ ನೇರವಾದ ಮೇಲೆ ನಿಲ್ಲಿಸಬೇಡಿ. ಮೊಣಕೈ ಬಗ್ಗಿಸದೆ ಇನ್ನೂ ಸ್ವಲ್ಪ ಗೋಡೆಯನ್ನು ತಳ್ಳಿ, ಬೆನ್ನಿನ ಮೇಲ್ಭಾಗ ಹಿಂದಕ್ಕೆ ದುಂಡಗಾಗಲಿ. ಸೆರಾಟಸ್ ಚೆನ್ನಾಗಿ ದುಡಿಯುವುದು ಈ ಕೊನೆಯ ಎರಡು ಅಂಗುಲದಲ್ಲೇ! ಇನ್ನೊಂದು: ನೋವಿಲ್ಲದ ಮಗ್ಗುಲಿಗೆ ಮಲಗಿ, ಮೇಲಿನ ಕೈಯ ಮೊಣಕೈಯನ್ನು ಸೊಂಟದ ಬಳಿ 90 ಡಿಗ್ರಿ ಮಡಚಿ, ಪಕ್ಕೆಗೂ ಮೊಣಕೈಗೂ ನಡುವೆ ಮಡಿಸಿದ ಟವೆಲ್ ಇಟ್ಟು, ಅರ್ಧ ಲೀಟರ್ ಬಾಟಲಿ ಹಿಡಿದ ಮುಂಗೈಯನ್ನು ನಿಧಾನವಾಗಿ ಮೇಲಕ್ಕೆ ತಿರುಗಿಸಿ. ಬೆಲ್ಜಿಯಂನ ತಜ್ಞೆ ಆನ್ ಕೂಲ್ಸ್ ಮತ್ತು ತಂಡದವರು 2007ರಲ್ಲಿ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು, ಕತ್ತಿನ ಕಡೆಯ ಟ್ರಪೀಜಿಯಸ್ ಅನ್ನು ಕೆರಳಿಸದೆ ಕೆಳಭಾಗವನ್ನು ಎಬ್ಬಿಸುವ ಕೆಲವೇ ವ್ಯಾಯಾಮಗಳನ್ನು ಆರಿಸಿದರು. ಅವುಗಳಲ್ಲಿ ಇದೂ ಒಂದು.

ಮೂರನೆಯ ಹಂತ: ಕೆಲಸಕ್ಕೆ ಸಜ್ಜಾಗಿ. ಟವೆಲನ್ನು ಗೋಡೆಗೆ ಒತ್ತಿ ಹಿಡಿದು ಎರಡೂ ಕೈಯಿಂದ ಮೇಲಕ್ಕೆ ಜಾರಿಸಿ, ಇಳಿಸಿ. ಬಳಿಕ ಮೊಣಕಾಲೂರಿ ನೆಲದ ಮೇಲೆ ದಂಡ. ಆಮೇಲೆ ಕಾಲು, ಸೊಂಟ, ಭುಜ ಮೂರೂ ಸೇರಿದ ಚಲನೆ: ಒಂದು ಹೆಜ್ಜೆ ಮುಂದಿಟ್ಟು ಕೆಳಗಿನ ಚೀಲವನ್ನು ಸೊಂಟದ ಮಟ್ಟಕ್ಕೆ, ಮುಂದಿನ ವಾರ ಎದೆಯ ಮಟ್ಟಕ್ಕೆ, ಅದರಾಚೆ ತಲೆಯ ಮಟ್ಟಕ್ಕೆ. ನಿಮ್ಮ ದುಡಿಮೆಯಲ್ಲಿ ಯಾವ ಚಲನೆ ಬೇಕೋ ಅಭ್ಯಾಸ ಕೊನೆಗೆ ಅಲ್ಲಿಗೇ ತಲುಪಬೇಕು.

ಪ್ರತಿಯೊಂದನ್ನೂ 10ರಿಂದ 15 ಸಲ, ಎರಡು ಅಥವಾ ಮೂರು ಸುತ್ತು ಮಾಡಿದರೆ ಸಾಕು. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮಾಡುವಾಗ ಮೂರರೊಳಗಿದ್ದು, ಮರುದಿನ ಬೆಳಗ್ಗೆ ಹೊತ್ತಿಗೆ ಮೊದಲಿನಂತಾದರೆ ಮುಂದುವರಿಯಬಹುದು. ಹೆಚ್ಚಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಪೂರ್ತಿ ಬಿಡಬೇಡಿ.

ಕನ್ನಡಿಯ ಮಾತು ಕೇಳಬೇಡಿ

ಹಿಂದೆಲ್ಲ "ಭುಜ ಹಿಂದಕ್ಕೆ, ಕೆಳಕ್ಕೆ ಬಿಗಿ ಹಿಡಿ" ಎಂದು ದಿನವಿಡೀ ಸಿಪಾಯಿಯಂತೆ ನಿಲ್ಲಲು ಹೇಳುತ್ತಿದ್ದರು. ಕೈ ಎತ್ತುವಾಗ ಭುಜಫಲಕ ಮೇಲ್ಮುಖವಾಗಿ ತಿರುಗಬೇಕು ಎಂದು ಆಗಲೇ ನೋಡಿದೆವು. ಅದನ್ನು ಕೆಳಗೆ ಬಿಗಿಹಿಡಿದರೆ ಬೇಕಾದ ಚಲನೆಯನ್ನೇ ತಡೆದಂತಾಗುತ್ತದೆ. ಚಮಚವನ್ನು ಕಟ್ಟಿಹಾಕಿ ನಿಂಬೆಹಣ್ಣನ್ನು ಓಡಿಸಿದ ಹಾಗೆ!

ಮತ್ತೊಂದು ಸಂಗತಿ ಸ್ವಲ್ಪ ವಿಚಿತ್ರ. ಈ ವ್ಯಾಯಾಮಗಳಿಂದ ಅನೇಕರಿಗೆ ನೋವು ಇಳಿಯುತ್ತದೆ, ಕೆಲಸ ಸಲೀಸಾಗುತ್ತದೆ. ಆದರೆ ಮೂಳೆ ನಿಲ್ಲುವ ರೀತಿ ಕಣ್ಣಿಗೆ ಕಾಣುವಂತೆ ಬದಲಾಗದೆಯೂ ಇರಬಹುದು. ಹೀಗಾಗಿ ದಿನವೂ ಕನ್ನಡಿ ನೋಡಿ "ಇನ್ನೂ ಎದ್ದು ಕಾಣುತ್ತಿದೆ, ಇದೆಲ್ಲ ದಂಡ" ಎಂದು ಬಿಡುವವರು ಗೆಲುವಿನ ಹೊಸ್ತಿಲಲ್ಲಿ ಹಿಂದಿರುಗಿದಂತೆ. ಅಳೆಯಬೇಕಾದದ್ದು ಬೇರೆ. ಹೋದ ವಾರ ಎಷ್ಟು ಎತ್ತರಕ್ಕೆ ಪಾತ್ರೆ ಇಟ್ಟಿರಿ, ಈ ವಾರ ಎಷ್ಟು? ರಾತ್ರಿ ಆ ಮಗ್ಗುಲಿಗೆ ಮಲಗಿದಾಗ ಎಷ್ಟು ಸಲ ಎಚ್ಚರವಾಯಿತು? ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಏನೂ ತಿಳಿಯುವುದಿಲ್ಲ.

ನಮ್ಮ ಬೌಲರ್‌ಗಳಿಗೂ ತಪ್ಪಲಿಲ್ಲ

ಭುಜದ ವಿಷಯದಲ್ಲಿ ತಾಳ್ಮೆ ಎಷ್ಟು ಬೇಕು ಎಂಬುದಕ್ಕೆ ಕರ್ನಾಟಕದ ಕ್ರಿಕೆಟಿಗರೇ ಸಾಕ್ಷಿ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ರೋಟೇಟರ್ ಕಫ್ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸದ ಟೆಸ್ಟ್‌ಗಳನ್ನು ಕಳೆದುಕೊಂಡರು. ಮರಳಿ ಬಂದು 2003ರ ವಿಶ್ವಕಪ್ ಫೈನಲ್‌ವರೆಗೆ ವೇಗದ ಬೌಲಿಂಗ್ ಮಾಡಿದರು. ಬೆಂಗಳೂರಿನ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ವಿರುದ್ಧದ ಆ ಪ್ರಸಿದ್ಧ ಸರಣಿಯನ್ನು ಹೊರಗಿನಿಂದ ನೋಡಬೇಕಾಯಿತು. ಆದರೆ 2008ರಲ್ಲಿ ನಿವೃತ್ತರಾಗುವಾಗ ಅವರ ಟೆಸ್ಟ್ ವಿಕೆಟ್‌ಗಳು 619! ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಭುಜದ ಶಸ್ತ್ರಚಿಕಿತ್ಸೆಗಾಗಿ 2017ರ ಐಪಿಎಲ್ ಬಿಟ್ಟರು, ಮತ್ತೆ ಆಡಿದರು. ಇವರ ಗಾಯಗಳು ನಮ್ಮ ಕೇಳುಗರ ತೊಂದರೆಯಂಥವೇ ಅಲ್ಲ, ಅದಕ್ಕಿಂತ ದೊಡ್ಡವು. ಆದರೆ ಕಳೆದುಹೋದ ತಿಂಗಳುಗಳಿಗೆ ಅವರು ಸುಮ್ಮನೆ ಬೆಲೆ ತೆರಲಿಲ್ಲ.

ಅವರಿಗೆ ಪಕ್ಕದಲ್ಲೇ ಫಿಸಿಯೋ ಇರುತ್ತಾರೆ, ವಿಶ್ರಾಂತಿಯಿದೆ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರಿಗೆ ರಜೆ ಎಂದರೆ ಆ ದಿನದ ಕೂಲಿ ಖೋತಾ. ಬಹಳ ಮಂದಿ ವ್ಯಾಯಾಮ ಬಿಡುವುದು ಸೋಮಾರಿತನದಿಂದಲ್ಲ, ದಣಿವಿನಿಂದ. ಆದ್ದರಿಂದ ಮಾಲೀಕರಾಗಿರುವ ಕೇಳುಗರಲ್ಲಿ ಒಂದು ವಿನಂತಿ. ಭಾರದ ಪಾತ್ರೆಗಳ ಜಾಗವನ್ನು ತಲೆಯ ಮಟ್ಟದಿಂದ ಸೊಂಟದ ಮಟ್ಟಕ್ಕೆ ಇಳಿಸಿ. ನೋವಿರುವವರಿಗೆ ಆರು ವಾರ ಎತ್ತುವ ಕೆಲಸ ತಪ್ಪಿಸಿ ಬೇರೆ ಕೆಲಸ ಕೊಡಿ. ಖರ್ಚಿಲ್ಲದ ಈ ಬದಲಾವಣೆ ಒಬ್ಬ ನುರಿತ ಕೆಲಸಗಾರನ ಕೈಯನ್ನು ಉಳಿಸಬಹುದು. ಹಾರ್ಬರ್ ಲೈನಿನಲ್ಲಿ ಜೋತಾಡುತ್ತಾ ಬರುವವರೂ ಅಷ್ಟೆ: ಹಿಡಿಕೆ ಹಿಡಿಯುವ ಕೈಯನ್ನು ಆಗಾಗ ಬದಲಿಸಿ, ಚೀಲವನ್ನು ಒಂದೇ ಹೆಗಲಿಗೆ ತೂಗುಹಾಕಬೇಡಿ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆಂಟಾಪ್ ಹಿಲ್‌ನವರು ಭಾಗ್ಯವಂತರು. ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಶುರುವಾದದ್ದು ದೇಶದ ಮೊದಲ ಫಿಸಿಯೋಥೆರಪಿ ಶಾಲೆ. ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆಯಿದೆ. ಒಂದು ಬೆಳಗ್ಗೆ ಸಾಲಿನಲ್ಲಿ ನಿಂತು ಕೇಸ್ ಪೇಪರ್ ಮಾಡಿಸಿ, ವ್ಯಾಯಾಮ ಸರಿಯಾಗಿ ಕಲಿತುಬಂದರೆ ಮುಂದಿನ ಕೆಲಸ ಮನೆಯ ಗೋಡೆಯದು.

ಎಣಿಸುವುದು ಬೇಸರ ಎನ್ನುವವರಿಗೆ ರೇಡಿಯೋದವಳ ಒಂದು ಸಲಹೆ. ನಮ್ಮ ಒಂದು ಹಾಡು ಸುಮಾರು ನಾಲ್ಕು ನಿಮಿಷ. ಮೊದಲ ಹಾಡಿಗೆ ಬಾಗಿಲ ಚೌಕಟ್ಟು, ಎರಡನೆಯದಕ್ಕೆ ಗೋಡೆ, ಮೂರನೆಯದಕ್ಕೆ ಬಾಟಲಿ. ನಡುವೆ ನಾನು ಮಾತಾಡುವಾಗ ವಿಶ್ರಾಂತಿ! ಹನ್ನೆರಡು ವಾರ ಜೊತೆಗಿರಿ. ಹಾಡು ಹಾಕುವ ಕೆಲಸ ನಮ್ಮದು, ಕೈ ಎತ್ತುವ ಕೆಲಸ ನಿಮ್ಮದು.